ಯಾರ ಬದುಕಿಗೆ ಒಳ್ಳೆಯ ನಗರ?



ವರ್ಷಕ್ಕೆ ಒಂದೆರಡು ಸಲ ಪತ್ರಿಕೆಗಳಲ್ಲಿ ಒಂದು ಸುದ್ದಿ ಬರುತ್ತದೆ. ಜಗತ್ತಿನಲ್ಲಿ ಬದುಕಲು ಅತ್ಯುತ್ತಮ ನಗರ ಯಾವುದು ಎಂಬ ಪಟ್ಟಿ. ಒಮ್ಮೆ ವಿಯೆನ್ನಾ, ಒಮ್ಮೆ ಜ್ಯೂರಿಕ್, ಇನ್ನೊಮ್ಮೆ ಕೋಪನ್‌ಹೇಗನ್. ನಮ್ಮ ಪತ್ರಿಕೆಗಳು ಅದರ ಜೊತೆಗೆ ಬೆಂಗಳೂರಿನ ಸ್ಥಾನವನ್ನೂ ಮರೆಯದೆ ಅಚ್ಚು ಹಾಕುತ್ತವೆ. 2019ರಲ್ಲಿ ಮರ್ಸರ್ ಸಂಸ್ಥೆ 231 ನಗರಗಳ ಪಟ್ಟಿ ಪ್ರಕಟಿಸಿದಾಗ ವಿಯೆನ್ನಾ ಸತತ ಹತ್ತನೆಯ ಬಾರಿ ಮೊದಲ ಸ್ಥಾನದಲ್ಲಿತ್ತು. ಹೈದರಾಬಾದ್ ಮತ್ತು ಪುಣೆ 143ರಲ್ಲಿ, ಬೆಂಗಳೂರು 149ರಲ್ಲಿ, ಮುಂಬೈ 154ರಲ್ಲಿ, ದೆಹಲಿ 162ರಲ್ಲಿದ್ದವು. ಕೊನೆಯಲ್ಲಿದ್ದದ್ದು ಬಾಗ್ದಾದ್.

ಇಂಥ ಪಟ್ಟಿ ನೋಡಿ ನಾವು ಬೇಸರ ಪಡುತ್ತೇವೆ, ವಾದ ಮಾಡುತ್ತೇವೆ. ಈಗಂತೂ ಮಗಳಿಗೋ ಅಳಿಯನಿಗೋ ಎರಡು ಕಡೆಯಿಂದ ಕೆಲಸದ ಪತ್ರ ಬಂದಾಗ ಮನೆಮಂದಿಯೆಲ್ಲ ಕೂತು ಈ ಪಟ್ಟಿಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕುತ್ತಾರೆ. ಹಾಗಾಗಿ ಇವತ್ತು ಮೊದಲಿಗೆ, ಈ ಪಟ್ಟಿಗಳು ಯಾರಿಗಾಗಿ ತಯಾರಾಗುತ್ತವೆ ಎಂಬುದನ್ನೇ ನೋಡೋಣ.

ಮರ್ಸರ್ ಎಂಬುದು ದೊಡ್ಡ ಕಂಪನಿಗಳಿಗೆ ಸಿಬ್ಬಂದಿಯ ವಿಷಯದಲ್ಲಿ ಸಲಹೆ ಕೊಡುವ ಸಂಸ್ಥೆ. ಕಂಪನಿಯೊಂದು ತನ್ನ ನೌಕರನನ್ನು ಲಂಡನ್ನಿನಿಂದ ಲಾಗೋಸಿಗೆ ಕಳಿಸುವಾಗ, ಅಲ್ಲಿನ ಕಷ್ಟಕ್ಕೆಂದು ಸಂಬಳದ ಮೇಲೆ ಎಷ್ಟು ಭತ್ಯೆ ಕೊಡಬೇಕು ಎಂಬ ಲೆಕ್ಕಕ್ಕೆ ಈ ಅಂಕಗಳು ಬೇಕು. ನ್ಯೂಯಾರ್ಕನ್ನು ನೂರು ಎಂದು ಹಿಡಿದು, ರಾಜಕೀಯ ಸ್ಥಿರತೆ, ಆಸ್ಪತ್ರೆ, ಶಾಲೆ, ವಸತಿ, ಸಾರಿಗೆ, ಹವಾಮಾನ ಹೀಗೆ ಹತ್ತು ವಿಭಾಗಗಳ 39 ಅಂಶಗಳನ್ನು ಅಳೆಯುತ್ತಾರೆ. ಇಕನಾಮಿಸ್ಟ್ ಪತ್ರಿಕೆಯ ಬಳಗದವರ ಪಟ್ಟಿಯಲ್ಲಿ 173 ನಗರಗಳಿಗೆ ನೂರಕ್ಕೆ ಅಂಕ ಕೊಡುತ್ತಾರೆ. ಅಂಕ 80ರ ಮೇಲಿದ್ದರೆ ಹೆಚ್ಚುವರಿ ಭತ್ಯೆ ಬೇಕಿಲ್ಲ, 50ಕ್ಕಿಂತ ಕೆಳಗಿದ್ದರೆ ಸಂಬಳದ ಮೇಲೆ ಶೇ 20 ಕೊಡಬಹುದು ಎಂಬ ಸಲಹೆಯೂ ಅದರ ಜೊತೆಗಿದೆ. ಅಂದರೆ ಇದು ಮಾಲೀಕರ ಲೆಕ್ಕದ ಪುಸ್ತಕ. ಆ ಕೆಲಸಕ್ಕೆ ಅದು ಸರಿಯಾಗಿಯೇ ಇದೆ, ನನ್ನ ತಕರಾರಿಲ್ಲ. ಆದರೆ ಅದರಲ್ಲಿ ಕಾಣುವ ನೌಕರ ಒಂದು ಬಗೆಯವನು. ಅವನ ಮನೆ ಬಾಡಿಗೆ, ಮಕ್ಕಳ ಇಂಟರ್‌ನ್ಯಾಷನಲ್ ಶಾಲೆಯ ಶುಲ್ಕ, ಊರಿಗೆ ಹೋಗಿಬರುವ ಟಿಕೆಟ್ ಎಲ್ಲ ಕಂಪನಿಯದೇ. ಎರಡು ಮೂರು ವರ್ಷ ಇದ್ದು ಮರಳುವವನು. ಇಲ್ಲಿಂದ ಹೋಗುವವರಲ್ಲಿ ಅಂಥವರು ಎಷ್ಟು ಜನ?

ಅಲ್ಲಿ ಹೋಗಿ ನೆಲೆಸಿದವರನ್ನೇ ಕೇಳಿ ಮಾಡುವ ಸಮೀಕ್ಷೆಗಳೂ ಇವೆ. ಇಂಟರ್‌ನೇಷನ್ಸ್ ಎಂಬ ಬಳಗ 2022ರಲ್ಲಿ 50 ನಗರಗಳ ಬಗ್ಗೆ ಕೇಳಿದಾಗ ಮೊದಲು ಬಂದದ್ದು ಸ್ಪೇನಿನ ವೆಲೆನ್ಸಿಯಾ. ಮರ್ಸರ್ ಪಟ್ಟಿಯಲ್ಲಿ ಮೂರನೆಯ ಸ್ಥಾನ ಹಂಚಿಕೊಂಡಿದ್ದ ವ್ಯಾಂಕೂವರ್, ಏಳನೆಯದಾಗಿದ್ದ ಫ್ರಾಂಕ್‌ಫರ್ಟ್ ಎರಡೂ ಇಲ್ಲಿ ಕೊನೆಯ ಹತ್ತರಲ್ಲಿ ಬಿದ್ದವು. ವಿಯೆನ್ನಾದ ಸಾರಿಗೆ, ಆಸ್ಪತ್ರೆ, ಪರಿಸರವನ್ನು ಹೊಗಳಿದ ಹೊರಗಿನವರೇ, ಅಲ್ಲಿನ ಜನರ ಜೊತೆ ಸ್ನೇಹ ಬೆಳೆಯುವುದು ಬಹಳ ಕಷ್ಟ ಎಂದರು.

ಹಾಗೆಂದು ವಿಯೆನ್ನಾದ ಒಳ್ಳೆಯತನ ಸುಳ್ಳಲ್ಲ. ಅದು ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕೆನಿಸುತ್ತದೆ, ಏಕೆಂದರೆ ಅದರಲ್ಲಿ ನಮ್ಮ ನಗರಗಳಿಗೂ ಪಾಠವಿದೆ.

ಮೊದಲ ಮಹಾಯುದ್ಧ ಮುಗಿದಾಗ ವಿಯೆನ್ನಾ ಸಾಮ್ರಾಜ್ಯ ಕಳೆದುಕೊಂಡ, ಹಸಿದ ರಾಜಧಾನಿ. ಕೂಲಿಕಾರರು ಒಂದೊಂದು ಕೋಣೆಯಲ್ಲಿ ಇಡೀ ಸಂಸಾರ ಹೂಡಿಕೊಂಡಿದ್ದರು, ಕ್ಷಯರೋಗ ಮನೆಮನೆಗೂ ಹಬ್ಬಿತ್ತು. 1919ರಲ್ಲಿ ಅಧಿಕಾರಕ್ಕೆ ಬಂದ ಸೋಷಲ್ ಡೆಮಾಕ್ರಟರು 1923ರಲ್ಲಿ ವಸತಿ ತೆರಿಗೆ ಹಾಕಿದರು. ನಗರದ ಹಣಕಾಸು ನೋಡಿಕೊಳ್ಳುತ್ತಿದ್ದ ಹ್ಯೂಗೋ ಬ್ರೈಟ್ನರ್ ಅದನ್ನು ಏರುಮಟ್ಟದಲ್ಲಿ ಜೋಡಿಸಿದರು. ಬಂಗಲೆಯವನಿಗೆ ಹೆಚ್ಚು, ಸಣ್ಣ ಮನೆಯವನಿಗೆ ತೀರ ಕಡಿಮೆ. ಆ ಹಣದಿಂದ 1934ರ ಹೊತ್ತಿಗೆ ನಗರಾಡಳಿತ 60,000ಕ್ಕೂ ಹೆಚ್ಚು ಮನೆ ಕಟ್ಟಿಸಿತು. ಅವುಗಳಲ್ಲಿ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ಕಟ್ಟಡ ಒಂದು ಕಿಲೋಮೀಟರಿಗಿಂತ ಉದ್ದ. 1,382 ಮನೆಗಳು, ನಡುವೆ ತೋಟಗಳು, ಬಟ್ಟೆ ಒಗೆಯುವ ಜಾಗ, ಸ್ನಾನದ ಮನೆ, ಶಿಶುವಿಹಾರ, ಗ್ರಂಥಾಲಯ. 1934ರ ಫೆಬ್ರುವರಿಯ ಅಂತರ್ಯುದ್ಧದಲ್ಲಿ ದೇಶದ ಸರ್ಕಾರದ ಸೇನೆ ಅದರ ಮೇಲೆ ಫಿರಂಗಿ ಹಾರಿಸಿತು. ಕೂಲಿಕಾರರ ಮನೆಗಳ ಮೇಲೆ ಫಿರಂಗಿ! ಕಟ್ಟಡ ಉಳಿಯಿತು, ಇವತ್ತಿಗೂ ಅಲ್ಲಿ ಜನ ವಾಸವಾಗಿದ್ದಾರೆ. ಈಗ ನಗರದ ಸ್ವಂತ ಮನೆಗಳು ಸುಮಾರು 2,20,000. ಲಾಭದ ಮಿತಿಗೆ ಒಳಪಟ್ಟ ವಸತಿ ಸಂಘಗಳ ಮನೆಗಳನ್ನೂ ಸೇರಿಸಿದರೆ ವಿಯೆನ್ನಾದ ಸರಿಸುಮಾರು ಅರ್ಧದಷ್ಟು ಜನ ಇಂಥ ಮನೆಗಳಲ್ಲಿದ್ದಾರೆ.

ನೀರಿನ ಕಥೆಯೂ ಹೀಗೆಯೇ. ಆಲ್ಪ್ಸ್ ಬೆಟ್ಟದ ಒರತೆಗಳಿಂದ 1873ರಲ್ಲಿ ಒಂದು, 1910ರಲ್ಲಿ ಇನ್ನೊಂದು ಕಾಲುವೆ ಬಂತು. ಎರಡನೆಯದು ಸುಮಾರು 180 ಕಿಲೋಮೀಟರ್ ಉದ್ದ. ಪಂಪು ಬೇಡ, ನೀರು ಇಳಿಜಾರಿನಲ್ಲಿ ತಾನಾಗಿ ಹರಿದು ಬರುತ್ತದೆ. ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ವಿದ್ಯುತ್ ಸುಟ್ಟು ಮೇಲೆತ್ತಿ ತರಬೇಕಾದ ಬೆಂಗಳೂರಿನವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಇನ್ನು ಸಾರಿಗೆ: 2012ರಿಂದ 2025ರ ಕೊನೆಯವರೆಗೆ ವರ್ಷದ ಪಾಸಿಗೆ 365 ಯೂರೋ, ಅಂದರೆ ದಿನಕ್ಕೊಂದು ಯೂರೋ. ಬಸ್ಸು, ಟ್ರಾಮು, ಮೆಟ್ರೋ ಎಲ್ಲಕ್ಕೂ ಅದೇ.

ಇದರಲ್ಲಿ ಯಾವುದನ್ನೂ ಪರದೇಶದ ನೌಕರರಿಗೆಂದು ಕಟ್ಟಲಿಲ್ಲ ಎಂಬುದನ್ನು ಗಮನಿಸಿ. ಊರಿನ ಬಡವರಿಗಾಗಿ ಕಟ್ಟಿದ್ದು ಹೊರಗಿನಿಂದ ಬಂದವರಿಗೂ ಸುಖವಾಯಿತು. ಬೆಂಗಳೂರಿನಿಂದ ಹೋದ ಎಂಜಿನಿಯರನಿಗೆ ಆರಂಭದಲ್ಲಿ ನಗರದ ಮನೆ ಸಿಗುವುದಿಲ್ಲ. ಅದಕ್ಕೆ ಎರಡು ವರ್ಷದ ವಾಸ, ಯುರೋಪಿನ ಹೊರಗಿನವರಿಗೆ ದೀರ್ಘಕಾಲದ ವಾಸದ ಪರವಾನಗಿ ಬೇಕು. ಆದರೂ ಅರ್ಧ ನಗರದ ಬಾಡಿಗೆ ಹದ್ದಿನಲ್ಲಿರುವುದರಿಂದ ಖಾಸಗಿ ಮನೆಯ ಬಾಡಿಗೆಯೂ ಲಂಡನ್ನಿನಷ್ಟು ಏರುವುದಿಲ್ಲ. ಹೊರಗಿನ ಕಂಪನಿಗಳನ್ನು ಕರೆಯಲು ಗೋಡೆ ಹಾಕಿದ ಬಡಾವಣೆ, ದುಬಾರಿ ಶಾಲೆ ಕಟ್ಟಿದರೆ ಸಾಕು, ನಗರದ ಅಂಕ ಏರುತ್ತದೆ ಎಂದು ನಮ್ಮ ಆಡಳಿತಗಾರರು ನಂಬಿದ್ದಾರೆ. ವಿಯೆನ್ನಾದ ನೂರು ವರ್ಷ ಅದಕ್ಕೆ ತದ್ವಿರುದ್ಧವಾದದ್ದನ್ನು ತೋರಿಸುತ್ತದೆ.

ಹಾಗಾದರೆ ಹೋಗುವವರು ಏನು ಲೆಕ್ಕ ಹಾಕಬೇಕು? ನನ್ನ ಮಾತು ಇಷ್ಟೆ: ಕೆಲಸ ಸಿಕ್ಕವನ ಕಡೆಯಿಂದ ಅಳೆಯಬೇಡಿ. ಅವನಿಗೆ ಕಚೇರಿ ಇದೆ, ಸಹೋದ್ಯೋಗಿಗಳಿದ್ದಾರೆ, ವೀಸಾ ಅವನ ಹೆಸರಿನಲ್ಲೇ ಇದೆ. ಮನೆಯಲ್ಲಿ ಯಾರ ಕೈಯಲ್ಲಿ ಏನೂ ಇರುವುದಿಲ್ಲವೋ ಅವರ ಕಡೆಯಿಂದ ಅಳೆಯಿರಿ.

ಮೊದಲು ಹೆಂಡತಿ. ಗಂಡ ಜೊತೆಗೆ ಹೋಗುವ ಮನೆಗಳೂ ಈಗ ಇವೆ, ಮಾತು ಅವನಿಗೂ ಅನ್ವಯಿಸುತ್ತದೆ. ಸಿಂಗಪುರ 2019ರ ಮರ್ಸರ್ ಪಟ್ಟಿಯಲ್ಲಿ 25ನೆಯ ಸ್ಥಾನದಲ್ಲಿ, ಏಷ್ಯಾಕ್ಕೇ ಮೊದಲಿತ್ತು. ಸ್ವಚ್ಛ, ಸುರಕ್ಷಿತ, ನಮ್ಮ ಅಡುಗೆಯ ಸಾಮಾನು ಎಲ್ಲ ಸಿಗುತ್ತದೆ, ಕನ್ನಡ ಸಂಘವೂ ಇದೆ. ಆದರೆ ತಿಂಗಳಿಗೆ 6,000 ಸಿಂಗಪುರ ಡಾಲರ್ ಸಂಬಳ ಇದ್ದರೆ ಮಾತ್ರ ಸಂಸಾರವನ್ನು ಕರೆದೊಯ್ಯಬಹುದು. 2021ರ ಮೇ ತಿಂಗಳಿನಿಂದ, ಜೊತೆಗೆ ಹೋದವರು ಕೆಲಸ ಮಾಡಬೇಕಾದರೆ ಸಾಮಾನ್ಯವಾಗಿ ಅವರದೇ ಪ್ರತ್ಯೇಕ ಕೆಲಸದ ಪರವಾನಗಿ ಬೇಕು. ಹಿಂದಿನ ಸುಲಭದ ಒಪ್ಪಿಗೆ ಪತ್ರ ಸಾಲದು. ಜರ್ಮನಿಯಲ್ಲಿ ನುರಿತ ಕೆಲಸಗಾರರ ಹೆಂಡತಿ ಹೋದ ಕೂಡಲೇ ದುಡಿಯಬಹುದು. ಅಲ್ಲಿ ಅಡ್ಡ ಬರುವುದು ಭಾಷೆ. ಅಮೆರಿಕದಲ್ಲಿ, ಕೆಲಸಕ್ಕೆ ಹೋದ ಗಂಡನ ಜೊತೆ ಎಚ್-4 ವೀಸಾದಲ್ಲಿ ಹೋದ ಹೆಂಗಸರಿಗೆ 2015ರವರೆಗೆ ದುಡಿಯುವ ಹಕ್ಕೇ ಇರಲಿಲ್ಲ. ಆಮೇಲೂ ಗಂಡನ ಗ್ರೀನ್ ಕಾರ್ಡ್ ಕೆಲಸ ಒಂದು ಹಂತ ಮುಟ್ಟಿದವರಿಗೆ ಮಾತ್ರ ಸಿಕ್ಕಿತು. ಎಂ.ಟೆಕ್ ಓದಿ, ಒಳ್ಳೆಯ ಕೆಲಸ ಬಿಟ್ಟು ಹೋದ ನಮ್ಮ ಹೆಣ್ಣುಮಕ್ಕಳು ವರ್ಷಗಟ್ಟಲೆ ಮನೆಯಲ್ಲಿ ಕೂತದ್ದು ಮರ್ಸರ್ ಪಟ್ಟಿಯ 39 ಅಂಶಗಳಲ್ಲಿ ಬರುವುದಿಲ್ಲ. ಇದು ನನಗೆ ತುಂಬ ನೋವಿನ ವಿಷಯ.

ಆಮೇಲೆ ಮಕ್ಕಳು. ಮ್ಯೂನಿಕ್ 2019ರ ಮರ್ಸರ್ ಪಟ್ಟಿಯಲ್ಲಿ ವ್ಯಾಂಕೂವರ್, ಆಕ್ಲೆಂಡ್ ಜೊತೆ ಮೂರನೆಯದು. ಸರ್ಕಾರಿ ಶಾಲೆ ಉಚಿತ, ಚೆನ್ನಾಗಿಯೂ ಇರುತ್ತದೆ. ಆದರೆ ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ನಾಲ್ಕನೆಯ ತರಗತಿ ಮುಗಿಯುವಾಗಲೇ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗೆ ವಿಂಗಡಿಸುತ್ತಾರೆ. ವಿಶ್ವವಿದ್ಯಾಲಯದ ಕಡೆಗೆ ಒಯ್ಯುವ ಜಿಮ್ನಾಸಿಯಂ ಶಾಲೆಗೆ ಜರ್ಮನ್, ಗಣಿತ, ಪರಿಸರ ಪಾಠ ಮೂರರ ಸರಾಸರಿ ಸಾಮಾನ್ಯವಾಗಿ 2.33ರ ಒಳಗಿರಬೇಕು, ಅಲ್ಲಿ ಒಂದು ಎಂದರೆ ಅತ್ಯುತ್ತಮ. ಎಂಟೂವರೆ ವರ್ಷದ ಮಗುವನ್ನು ಇಲ್ಲಿಂದ ಕರೆದೊಯ್ದರೆ, ಹೊಸ ಭಾಷೆ ಕಲಿತು ಆ ವಿಂಗಡಣೆಗೆ ಸಿದ್ಧವಾಗಲು ಅದಕ್ಕೆ ಒಂದೆರಡು ವರ್ಷ ಮಾತ್ರ ಸಿಗುತ್ತದೆ. ಮುಂದೆ ದಾರಿ ಬದಲಿಸಲು ಅವಕಾಶವಿದೆ ನಿಜ, ಆದರೆ ಅದು ಸುತ್ತುದಾರಿ. ಐದು ವರ್ಷದ ಮಗುವಿಗಾದರೆ ಅದೇ ನಗರ ವರ. ಸಿಂಗಪುರದಲ್ಲಿ ಶಾಶ್ವತ ವಾಸದ ಹಕ್ಕು ಪಡೆದವರ ಗಂಡುಮಕ್ಕಳು ಎರಡು ವರ್ಷ ಕಡ್ಡಾಯ ಸೇವೆ ಮಾಡಬೇಕು. ಅದು ತಪ್ಪು ಎಂದು ನಾನು ಹೇಳುವುದಿಲ್ಲ. ಅರ್ಜಿ ಹಾಕುವ ಮೊದಲು ಅಪ್ಪ ಅಮ್ಮನಿಗೆ ತಿಳಿದಿರಬೇಕು.

ಊರಿನಲ್ಲಿ ಉಳಿಯುವ ತಂದೆತಾಯಿಯ ವಿಷಯ ಇನ್ನೂ ಕಠಿಣ. ಬ್ರಿಟನ್ 2012ರಲ್ಲಿ ವಯಸ್ಸಾದ ತಂದೆತಾಯಿಯನ್ನು ಕರೆಸಿಕೊಳ್ಳುವ ದಾರಿಯನ್ನು ಹೆಚ್ಚುಕಡಿಮೆ ಮುಚ್ಚಿಬಿಟ್ಟಿತು. ಕೆನಡಾದ ಸೂಪರ್ ವೀಸಾದಲ್ಲಿ ಒಮ್ಮೆ ಹೋದರೆ ಐದು ವರ್ಷದವರೆಗೆ ಇರಬಹುದು, ವಿಮೆ ನಾವೇ ಮಾಡಿಸಬೇಕು. ಸಿಂಗಪುರದಲ್ಲಿ ತಂದೆತಾಯಿಯನ್ನು ಕರೆಸಲು ತಿಂಗಳ ಸಂಬಳ 12,000 ಡಾಲರ್ ಮುಟ್ಟಬೇಕು. ಜರ್ಮನಿ 2024ರ ಮಾರ್ಚಿನಿಂದೀಚೆಗೆ ಪರವಾನಗಿ ಪಡೆದ ನುರಿತ ಕೆಲಸಗಾರರಿಗೆ ತಂದೆತಾಯಿಯನ್ನು ಕರೆಸಲು ಬಾಗಿಲು ತೆರೆದಿದೆ. ಒಬ್ಬನೇ ಮಗ, ಒಬ್ಬಳೇ ಮಗಳು ಇರುವ ಮನೆಗಳಲ್ಲಿ ಟ್ರಾಮಿನ ವೇಗಕ್ಕಿಂತ ಇದು ದೊಡ್ಡ ವಿಚಾರ.

ಇನ್ನು, ಈ ಪಟ್ಟಿಗಳ ಕಣ್ಣಿಗೆ ಬೀಳದೇ ಇರುವ ನೌಕರರ ಬಗ್ಗೆ. ಕರಾವಳಿಯಲ್ಲಿ ಉಡುಪಿ, ಭಟ್ಕಳ, ಮಂಗಳೂರಿನ ಎಷ್ಟೋ ಮನೆಗಳ ಮಾಡು, ತಂಗಿಯ ಮದುವೆ, ತಮ್ಮನ ಓದು ಗಲ್ಫಿನ ದುಡಿಮೆಯಿಂದ ಆದದ್ದು. 2019ರ ಮರ್ಸರ್ ಪಟ್ಟಿಯಲ್ಲಿ ದುಬೈ 74ನೆಯದು, ಆಫ್ರಿಕಾ ಮತ್ತು ಮಧ್ಯಪ್ರಾಚ್ಯಕ್ಕೆಲ್ಲ ಮೊದಲು. ದುಬೈ ಮರೀನಾ ಬಡಾವಣೆಯ ಫ್ಲ್ಯಾಟಿನಲ್ಲಿರುವ ಮ್ಯಾನೇಜರನಿಗೆ ಆ ಅಂಕ ಸರಿಯೇ. ಆದರೆ ಯುಎಇಯಲ್ಲಿ ಫ್ಯಾಮಿಲಿ ವೀಸಾ ಮಾಡಿಸಲು ತಿಂಗಳಿಗೆ 4,000 ದಿರ್ಹಂ, ಅಥವಾ ವಸತಿಯ ಜೊತೆಗೆ 3,000 ದಿರ್ಹಂ ಸಂಬಳ ಬೇಕು. ಅದಕ್ಕಿಂತ ಕಡಿಮೆ ದುಡಿಯುವವನು ಮದುವೆಯಾಗಿ ಎಷ್ಟು ವರ್ಷವಾದರೂ ಅಲ್ಲಿ ಬ್ಯಾಚುಲರ್. ಲೇಬರ್ ಕ್ಯಾಂಪಿನಲ್ಲೋ ಬೆಡ್ ಸ್ಪೇಸಿನಲ್ಲೋ ಮಂಚಕ್ಕೆ ಮಂಚ ಸೇರಿಸಿಕೊಂಡು ಇರುತ್ತಾನೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ದುಡಿಸಬಾರದು ಎಂಬ ನಿಯಮ ಅಲ್ಲಿದೆ; ಅಂಥ ನಿಯಮ ಬೇಕಾಯಿತು ಎಂಬುದರಲ್ಲೇ ಅಲ್ಲಿನ ಹಗಲು ಹೇಗಿರುತ್ತದೆಂದು ಗೊತ್ತಾಗುತ್ತದೆ. ಕತಾರ್ 2020ರಲ್ಲಿ, ಕೆಲಸ ಬದಲಿಸಲು ಮಾಲೀಕನ ಒಪ್ಪಿಗೆ ಬೇಕೆಂಬ ನಿಯಮ ತೆಗೆಯಿತು, 2021ರ ಮಾರ್ಚಿನಿಂದ 1,000 ರಿಯಾಲ್ ಕನಿಷ್ಠ ವೇತನ ತಂದಿತು. ಇವು ಸಣ್ಣ ಬದಲಾವಣೆಗಳೇನಲ್ಲ. ಒಬ್ಬ ಕೂಲಿಯವನಿಗೆ ಊಳಿಗದಿಂದ ಹೊರಬರುವ ಬಾಗಿಲು ಅದು.

ಸಿಂಗಪುರದಲ್ಲೂ ಕಟ್ಟಡದ ಕೆಲಸಗಾರರು ಸಂಸಾರ ಕರೆದೊಯ್ಯುವಂತಿಲ್ಲ. 2020ರಲ್ಲಿ ಕೋವಿಡ್ ಹರಡಿದಾಗ ಆ ನಗರದ ಬಹುಪಾಲು ಸೋಂಕು ಅವರ ವಸತಿಗೃಹಗಳಲ್ಲೇ ಕಂಡುಬಂತು. 2024ರ ಜೂನ್ 12ರ ಬೆಳಗಿನ ಜಾವ ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರು ತುಂಬಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ನಲವತ್ತಕ್ಕೂ ಹೆಚ್ಚು ಭಾರತೀಯರು ಸತ್ತರು. ಅವರಲ್ಲಿ ಕಲಬುರಗಿ ಕಡೆಯವರೂ ಒಬ್ಬರಿದ್ದರು. ಪರದೇಶದಲ್ಲಿ ಕೆಲಸ ಮಾಡುವ ನೌಕರರ ಜೀವನಮಟ್ಟ ಎಂದು ಮಾತಾಡುವಾಗ ಇವರನ್ನು ಬಿಟ್ಟರೆ ಆ ಮಾತಿಗೆ ಅರ್ಥವಿಲ್ಲ. ಮಂಚವೊಂದನ್ನೇ ಬಾಡಿಗೆ ಹಿಡಿದವನಿಗೆ ರಾತ್ರಿ ಬೆಂಕಿ ಬಿದ್ದರೆ ಹೊರಬರಲು ದಾರಿ ಇದೆಯೇ, ಪಾಸ್‌ಪೋರ್ಟ್ ಅವನ ಕೈಯಲ್ಲೇ ಇದೆಯೇ, ಸಂಬಳ ತಿಂಗಳು ತಿಂಗಳು ಬರುತ್ತದೆಯೇ. ಒಂದು ನಗರವನ್ನು ಒಳ್ಳೆಯದು ಎನ್ನುವ ಮೊದಲು ನಾನು ಕೇಳುವ ಪ್ರಶ್ನೆಗಳು ಇವೇ.

ಈ ಸಂಘಕ್ಕೆ ನನ್ನದೊಂದು ಬೇಡಿಕೆ ಇದೆ. ಗಲ್ಫ್, ಸಿಂಗಪುರ, ಜರ್ಮನಿಯಲ್ಲಿ ದುಡಿದು ಬಂದವರು ಈ ಊರಿನಲ್ಲೇ ಬೇಕಾದಷ್ಟು ಜನ ಇದ್ದೀರಿ. ತಿಂಗಳಿಗೊಂದು ಭಾನುವಾರ ಇದೇ ಸಭಾಂಗಣದಲ್ಲಿ ಒಂದು ಮೇಜು ಹಾಕಿ ಕೂರಿ. ಹೊರಡುವ ಹುಡುಗರ ಕರಾರು ಪತ್ರವನ್ನು ಸಾಲು ಸಾಲಾಗಿ ಓದಿ ಹೇಳಿ. ಏಜೆಂಟನಿಗೆ ಕೇಂದ್ರ ಸರ್ಕಾರದ ಪರವಾನಗಿ ಇದೆಯೇ ಎಂದು ಇ-ಮೈಗ್ರೇಟ್ ತಾಣದಲ್ಲಿ ನೋಡಿಕೊಡಿ. ಎಸ್ಸೆಸ್ಸೆಲ್ಸಿ ಮುಗಿಸದೆ ಗಲ್ಫಿಗೆ ಹೋಗುವವರಿಗೆ ವಲಸೆ ಅನುಮತಿ ಬೇಕು. ಅದರ ಜೊತೆಗೆ ಬರುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರವಿದೆ, ಆ ಪಾಲಿಸಿಯ ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತೆ ತಾಯಿಗೆ ತಿಳಿಸಿ. ಕ್ಯಾಂಪಿನ ಕೋಣೆ ಹೇಗಿತ್ತು ಎಂಬುದನ್ನು ಮುಚ್ಚಿಡದೆ ಹೇಳಿ. ಊರಿಗೆ ಬಂದಾಗ ಅತ್ತರು, ಖರ್ಜೂರ ಹಂಚಿದ್ದೀರಿ. ಈ ಮಾಹಿತಿಯನ್ನೂ ಹಂಚಿ. ಮೊದಲ ಭಾನುವಾರ ನಾನೂ ಬಂದು ಕೂರುತ್ತೇನೆ.