ಲಕೋಟೆಯೊಳಗಿನ ಲಕೋಟೆ

ಮೂವತ್ತು ವರ್ಷಗಳ ಅಧ್ಯಾಪಕ ವೃತ್ತಿಯಲ್ಲಿ ನಾನು ಬೋಧಿಸಿದ್ದು ಕನ್ನಡ ಸಾಹಿತ್ಯವನ್ನು. ಆದರೆ ಚುನಾವಣೆ ಬಂದಾಗಲೆಲ್ಲ ಸರ್ಕಾರವು ನನಗೆ ಇನ್ನೊಂದು ವೃತ್ತಿಯನ್ನೂ ದಯಪಾಲಿಸುತ್ತಿತ್ತು. ಅದು ಮತಗಟ್ಟೆಯ ಅಧ್ಯಕ್ಷಾಧಿಕಾರಿಯ ಕೆಲಸ. ಹಿಂದಿನ ದಿನವೇ ಅರಗು, ಮೊಹರು, ಶಾಯಿ, ಕಟ್ಟುಗಟ್ಟಲೆ ನಮೂನೆಗಳನ್ನು ಹೊತ್ತುಕೊಂಡು ಹೋಗಿ, ಯಾವುದೋ ಶಾಲೆಯ ಕೊಠಡಿಯಲ್ಲಿ ಬೆಂಚುಗಳನ್ನು ಜೋಡಿಸಿ ಮಲಗುವುದು. ಮರುದಿನ ಅಪರಿಚಿತರ ಬೆರಳುಗಳಿಗೆ ಶಾಯಿ ಹಚ್ಚಿಸುವುದು. ಲೆಕ್ಕವೆಲ್ಲ ಒಪ್ಪಿಸಿ ನಡುರಾತ್ರಿಗೆ ಮನೆ ಸೇರುವುದು. ಅಷ್ಟಾಗಿಯೂ ನನ್ನ ಬೆರಳಿನ ಮೇಲೆ ಮಾತ್ರ ಶಾಯಿಯ ಗುರುತು ಇರುತ್ತಿರಲಿಲ್ಲ. ಒಮ್ಮೆ ಹಾಗೆ ಬಂದು ಊಟಕ್ಕೆ ಕುಳಿತಾಗ ನನ್ನ ತಾಯಿ ಕೇಳಿದರು: "ಊರವರ ಓಟನ್ನೆಲ್ಲ ಹಾಕಿಸಿಕೊಂಡು ಬರ್ತೀಯಲ್ಲ, ನಿನ್ನದನ್ನ ಯಾರು ಹಾಕ್ತಾರೋ?"

ನನ್ನ ಬಳಿ ಉತ್ತರವಿರಲಿಲ್ಲ. ಕಾನೂನಿನ ಬಳಿ ಇತ್ತು. ಚುನಾವಣಾ ಕರ್ತವ್ಯದ ಮೇಲಿರುವವರು ಅಂಚೆ ಮತಪತ್ರಕ್ಕೆ ಅರ್ಜಿ ಹಾಕಬಹುದು. ಲೋಕಸಭೆ, ವಿಧಾನಸಭೆಗಳಿಗಾದರೆ ಅದು 'ನಮೂನೆ 12' ಎಂಬ ಕಾಗದ. ಮತದಾನಕ್ಕೆ ಏಳು ದಿನ ಮೊದಲೇ ಚುನಾವಣಾಧಿಕಾರಿಯ ಕೈ ಸೇರಬೇಕೆಂಬುದು ನಿಯಮ, ಕೊಂಚ ಸಡಿಲಿಸುವ ಅಧಿಕಾರ ಅವರಿಗುಂಟು. ಕೆಲಸ ಮಾಡುವ ಮತಗಟ್ಟೆ ನಮ್ಮದೇ ಕ್ಷೇತ್ರದೊಳಗಿದ್ದರೆ ಕರ್ತವ್ಯದ ಪ್ರಮಾಣಪತ್ರವೊಂದನ್ನು ಪಡೆದು ಅಲ್ಲಿಯೇ ಮತ ಹಾಕಲೂ ಬಹುದು. ಲೋಕಸಭಾ ಕ್ಷೇತ್ರ ಎಂಟು ತಾಲ್ಲೂಕುಗಳಷ್ಟು ವಿಸ್ತಾರವಾದುದು. ಎಲ್ಲಿಗೆ ಕಳಿಸಿದರೂ ಅದರೊಳಗೇ ಇರುವ ಸಂಭವ ಹೆಚ್ಚು. ಪುರಸಭೆಯ ವಾರ್ಡು ಹಾಗಲ್ಲ. ನಾಲ್ಕು ಬೀದಿ, ಎರಡು ಅಡ್ಡರಸ್ತೆ, ಒಂದು ಗುಡಿ, ಮುಗಿಯಿತು. ಮನೆಯಿಂದ ಮಾರುದೂರ ಹೋದವನೂ ಅಲ್ಲಿ ಗೈರುಹಾಜರಿ ಮತದಾರನೇ. ಹೀಗಾಗಿ ಚುನಾವಣೆ ಚಿಕ್ಕದಾದಷ್ಟೂ ಅಂಚೆಯ ಅವಶ್ಯಕತೆ ಹೆಚ್ಚು. ಆದರೆ ಅದನ್ನು ಕೇಳುವವರು ಕಡಿಮೆ.

2013ರ ಮಾರ್ಚ್ 7ರಂದು ರಾಜ್ಯದಾದ್ಯಂತ ನಗರ ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ನಡೆಯಿತಷ್ಟೆ. ಆ ಸಲ ನಾನು ಅರ್ಜಿ ಹಾಕಿದೆ. ಅರ್ಜಿಯಲ್ಲಿ ಬರೆಯಬೇಕಾದದ್ದು ಹೆಚ್ಚೇನಿಲ್ಲ: ಹೆಸರು, ವಿಳಾಸ, ಕರ್ತವ್ಯದ ಆದೇಶದ ಸಂಖ್ಯೆ, ಮತದಾರರ ಪಟ್ಟಿಯಲ್ಲಿ ನಮ್ಮ ಕ್ರಮಸಂಖ್ಯೆ. ಕ್ರಮಸಂಖ್ಯೆ ನನಗೆ ತಿಳಿದಿರಲಿಲ್ಲ. ಪಂಪನ ಕಾಲವನ್ನು ನಿದ್ದೆಗಣ್ಣಿನಲ್ಲಿಯೂ ಹೇಳಬಲ್ಲವನಿಗೆ ತನ್ನ ಮನೆಯ ಕ್ರಮಸಂಖ್ಯೆ ಗೊತ್ತಿಲ್ಲ! ಕಚೇರಿಗೆ ಹೋಗಿ ಪಟ್ಟಿಯನ್ನು ತಿರುವಿದಾಗ ನಮ್ಮ ಮನೆಯವರ ಹೆಸರುಗಳ ಮೊದಲಿಗೆ, ಎಂದೋ ತೀರಿಕೊಂಡ ನನ್ನ ತಂದೆಯವರ ಹೆಸರು ಕಂಡಿತು. ಅದನ್ನು ಕಂಡು ಒಂದು ಕ್ಷಣ ನಾನು ಬಂದ ಕೆಲಸವನ್ನೇ ಮರೆತೆ. ಗುಮಾಸ್ತರು ಅರ್ಜಿ ತೆಗೆದುಕೊಳ್ಳುತ್ತ, "ಇದನ್ನು ಕೇಳಿದವರು ನಿಮ್ಮ ಕಾಲೇಜಿನಲ್ಲಿ ನೀವೊಬ್ಬರೇ ಸಾರ್" ಎಂದರು. ಅದು ಹೊಗಳಿಕೆಯೆಂದು ಭಾವಿಸಿದೆ.

ಮತಪತ್ರ ಬಂತು. ಅದರೊಡನೆ ಚಿಕ್ಕ ಲಕೋಟೆಯೊಂದು, ದೊಡ್ಡ ಲಕೋಟೆಯೊಂದು, ಘೋಷಣಾ ಪತ್ರವೊಂದು. ಗುರುತು ಹಾಕಿದ ಮತಪತ್ರವನ್ನು ಚಿಕ್ಕದರಲ್ಲಿಟ್ಟು ಅಂಟಿಸಬೇಕು. ಅದನ್ನೂ, ಪತ್ರಾಂಕಿತ ಅಧಿಕಾರಿಯಿಂದ ದೃಢೀಕರಿಸಿದ ಘೋಷಣೆಯನ್ನೂ ದೊಡ್ಡದರಲ್ಲಿಡಬೇಕು. ಏರ್ಪಾಡಿನ ಅರ್ಥ ಸೊಗಸಾಗಿದೆ. ಹೊರಗಿನ ಲಕೋಟೆ 'ಇವನು ಯಾರು' ಎಂದು ಹೇಳುತ್ತದೆ, 'ಏನೆಂದ' ಎಂಬುದನ್ನು ಹೇಳುವುದಿಲ್ಲ. ಒಳಗಿನದು 'ಏನೆಂದ' ಎಂದು ಹೇಳುತ್ತದೆ, 'ಯಾರು' ಎಂಬುದನ್ನು ಮರೆತಿರುತ್ತದೆ. ಎರಡನ್ನೂ ಬೇರ್ಪಡಿಸಿ, ಒಳಗಿನವನ್ನೆಲ್ಲ ಒಟ್ಟುಗೂಡಿಸಿದ ಮೇಲೆ ಯಾವ ಕಾಗದ ಯಾರದೆಂದು ಬ್ರಹ್ಮನಿಗೂ ತಿಳಿಯಬಾರದು. ನಮ್ಮಲ್ಲಿ ಹರಕೆಯ ಕಾಣಿಕೆ ಹುಂಡಿಗೆ ಬಿದ್ದಂತೆ.

ಅಂದು ರಾತ್ರಿ ಮೇಜಿನ ಮುಂದೆ ಕುಳಿತು, ಬಾಗಿಲನ್ನು ಸ್ವಲ್ಪ ಮುಂದೂಡಿ, ಗುರುತು ಹಾಕಿದೆ. ಕಣದಲ್ಲಿದ್ದವರಲ್ಲಿ ಒಬ್ಬರು ನಮ್ಮ ಪಕ್ಕದ ಮನೆಯವರೇ. ಇಪ್ಪತ್ತು ವರ್ಷಗಳಿಂದ ಪ್ರತಿದಿನ ಬೆಳಿಗ್ಗೆ ಬಂದು ನಮ್ಮ ಜಗಲಿಯ ಮೇಲೆ ಕುಳಿತು ಪತ್ರಿಕೆ ಓದಿ, ಕಾಫಿ ಕುಡಿದು ಹೋಗುತ್ತಿದ್ದ ಸ್ನೇಹಿತರು. ಇನ್ನೊಬ್ಬಾಕೆ ನನ್ನ ಹಳೆಯ ವಿದ್ಯಾರ್ಥಿನಿ. ಯಾರಿಗೆ ಹಾಕಿದೆನೆಂಬುದನ್ನು ನಾನು ಈವರೆಗೂ ಬಾಯಿಬಿಟ್ಟು ಹೇಳಿಲ್ಲ. ಹೇಳುವ ಅಗತ್ಯವೂ ಉಳಿಯಲಿಲ್ಲ.

ಮಾರ್ಚ್ 11ರಂದು ಎಣಿಕೆ. ಅಂಚೆ ಮತಗಳನ್ನೇ ಮೊದಲು ಎಣಿಸುವುದು ಪದ್ಧತಿ. ನಮ್ಮ ವಾರ್ಡಿಗೆ ಬಂದಿದ್ದ ಅಂಚೆ ಮತಗಳು ಎರಡು. ನನ್ನದೊಂದು, ಪ್ರಾಥಮಿಕ ಶಾಲೆಯ ಮೇಷ್ಟ್ರೊಬ್ಬರದೊಂದು. ಅವರ ಘೋಷಣೆಯ ಮೇಲೆ ದೃಢೀಕರಣದ ಸಹಿ ಇರಲಿಲ್ಲವಾದ್ದರಿಂದ ಒಳಗಿನ ಲಕೋಟೆಯನ್ನು ತೆರೆಯದೆಯೇ ತಿರಸ್ಕರಿಸಿದರು. ಅದು ನಿಯಮದಂತೆಯೇ. ಉಳಿದದ್ದು ಒಂದು. ಅದನ್ನು ಬಿಡಿಸಿದರು, ಕ್ರಮಬದ್ಧವೆಂದರು, ಯಾರಿಗೆಂದು ಗಟ್ಟಿಯಾಗಿ ಹೇಳಿದರು. ಮೇಜಿನ ಈಚೆ ಅಭ್ಯರ್ಥಿಗಳೂ ಅವರ ಏಜೆಂಟರೂ ನಿಂತಿದ್ದರು. ಒಬ್ಬರೂ ತಪ್ಪು ಮಾಡಲಿಲ್ಲ. ಒಂದು ನಿಯಮವೂ ಮುರಿಯಲಿಲ್ಲ. ಆದರೂ ನನ್ನ ಗುಟ್ಟು ಆ ಸಭಾಂಗಣದಲ್ಲಿ ಬಯಲಾಗಿತ್ತು.

ನಮ್ಮ ಸ್ನೇಹಿತರು ಹನ್ನೊಂದು ಮತಗಳಿಂದ ಸೋತರು. ನನ್ನ ಒಂದು ಮತ ಅವರನ್ನು ಸೋಲಿಸಲಿಲ್ಲ. ಅದು ಅವರಿಗೂ ಗೊತ್ತು. ಮರುದಿನ ಬೆಳಿಗ್ಗೆ ಅವರು ಬರಲಿಲ್ಲ. ಆ ವಾರವೂ ಬರಲಿಲ್ಲ. ತಿಂಗಳಾದ ಮೇಲೆ ಬೀದಿಯಲ್ಲಿ ಎದುರಾದಾಗ, "ಅಂಚೆ ಚೆನ್ನಾಗಿ ಕೆಲಸ ಮಾಡ್ತದೆ ಮೇಷ್ಟ್ರೇ" ಎಂದಷ್ಟೇ ಹೇಳಿ ನಡೆದರು.

ಈ ಸಂಗತಿಯನ್ನು ನಾನು ಸ್ವಂತ ಗೋಳೆಂದು ಹೇಳುತ್ತಿಲ್ಲ. ಗುಪ್ತ ಮತದಾನದ ಬಲವಿರುವುದು ಲಕೋಟೆಯಲ್ಲಲ್ಲ, ಗುಂಪಿನಲ್ಲಿ. ಸಾವಿರ ಕಾಗದಗಳ ನಡುವೆ ನನ್ನ ಕಾಗದ ಅಡಗುತ್ತದೆ. ಒಂದೇ ಇದ್ದಾಗ ಅಡಗಲು ತಾವೆಲ್ಲಿದೆ? ಹಿಂದೆ ಮತಪೆಟ್ಟಿಗೆಗಳ ಕಾಲದಲ್ಲಿ ಬೇರೆ ಬೇರೆ ಮತಗಟ್ಟೆಗಳ ಕಾಗದಗಳನ್ನು ಬೆರೆಸಿ ಎಣಿಸುವ ಅವಕಾಶವಿತ್ತು. ಯಂತ್ರಗಳು ಬಂದ ಮೇಲೆ ಯಾವ ಬೀದಿ ಯಾರಿಗೆ ಒಲಿಯಿತೆಂಬುದು ಅಂಕಿಗಳಲ್ಲಿಯೇ ಕಾಣುವಂತಾಯಿತು. ಹಲವು ಯಂತ್ರಗಳ ಮತಗಳನ್ನು ಕೂಡಿಸಿಯೇ ತೋರಿಸುವ 'ಟೋಟಲೈಸರ್' ಎಂಬ ಉಪಕರಣವನ್ನು ಚುನಾವಣಾ ಆಯೋಗವು 2008ರಲ್ಲಿ ಸೂಚಿಸಿತು. 2015ರಲ್ಲಿ ಕಾನೂನು ಆಯೋಗವೂ ತನ್ನ 255ನೆಯ ವರದಿಯಲ್ಲಿ ಅದನ್ನು ಸಮರ್ಥಿಸಿತು. ಅದಿನ್ನೂ ಬಳಕೆಗೆ ಬಂದಿಲ್ಲ. ಇಡೀ ಬೀದಿಯ ಗುಟ್ಟಿಗೆ ಇಷ್ಟು ಚರ್ಚೆಯಾದರೆ, ಒಬ್ಬೊಂಟಿ ಮೇಷ್ಟ್ರ ಗುಟ್ಟಿನ ಬಗ್ಗೆ ಯಾರು ಯೋಚಿಸಿಯಾರು? ಬೆರಳೆಣಿಕೆಯಷ್ಟೇ ಅಂಚೆ ಮತಗಳಿರುವ ವಾರ್ಡುಗಳಲ್ಲಿ ಅವುಗಳ ಫಲಿತವನ್ನು ಬೇರೆಯಾಗಿ ಸಾರದೆ ಒಟ್ಟು ಲೆಕ್ಕಕ್ಕೆ ಸೇರಿಸಿಬಿಡಬಾರದೇಕೆ ಎಂಬುದು ನನ್ನ ಸರಳ ಪ್ರಶ್ನೆ. ಇಲ್ಲವೇ ಕೇಳುವವರ ಸಂಖ್ಯೆಯಾದರೂ ಹೆಚ್ಚಬೇಕು. ಅಂದು ನಮ್ಮ ವಾರ್ಡಿನಲ್ಲಿ ಕರ್ತವ್ಯಕ್ಕೆ ಹೋದವರು ಹದಿನೈದು ಮಂದಿಯಾದರೂ ಇದ್ದರು. ಅವರೆಲ್ಲ ಅರ್ಜಿ ಹಾಕಿದ್ದರೆ ನಾನು ಅವರ ನೆರಳಿನಲ್ಲಿ ನಿಲ್ಲುತ್ತಿದ್ದೆ.

ಪರವೂರಿನಲ್ಲಿ ದುಡಿಯುವ ಸಾಮಾನ್ಯ ಮತದಾರನಿಗಂತೂ ಈ ಲಕೋಟೆಯೂ ಇಲ್ಲ. ಅವನು ಬಸ್ಸು ಹತ್ತಿಯೇ ಬರಬೇಕು. 2023ರ ವಿಧಾನಸಭಾ ಚುನಾವಣೆಯಲ್ಲಿ 80 ವರ್ಷ ದಾಟಿದವರಿಗೆ ಮನೆಯಲ್ಲೇ ಮತ ಹಾಕುವ ಅನುಕೂಲ ದೊರೆಯಿತು. 2024ರಲ್ಲಿ ಆ ಮಿತಿಯನ್ನು 85ಕ್ಕೆ ಏರಿಸಿದರು. ನನ್ನ ತಾಯಿ ಅದನ್ನು ನೋಡಲು ಉಳಿದಿರಲಿಲ್ಲ.

2018ರ ಆಗಸ್ಟ್ 31ರಂದು ಮತ್ತೆ ಪುರಸಭೆಯ ಚುನಾವಣೆ ಬಂತು, ನನಗೆ ಮತ್ತೆ ಕರ್ತವ್ಯದ ಆದೇಶ ಬಂತು. ಅರ್ಜಿಯನ್ನು ತಂದೆ. ಈ ಸಲ ಕ್ರಮಸಂಖ್ಯೆ ಬಾಯಿಪಾಠವಾಗಿತ್ತು. ಎಲ್ಲವನ್ನೂ ತುಂಬಿ ಸಹಿಯ ಜಾಗಕ್ಕೆ ಬಂದಾಗ ಲೇಖನಿ ನಿಂತಿತು. ಪಕ್ಕದ ಮನೆಯವರು ಆ ಬಾರಿ ಸ್ಪರ್ಧಿಸಿರಲಿಲ್ಲ. ಅವರ ಅಳಿಯ ಸ್ಪರ್ಧಿಸಿದ್ದ. ನಾಳೆ ನೋಡೋಣವೆಂದು ಕಾಗದವನ್ನು ನಿಘಂಟಿನೊಳಗಿಟ್ಟೆ. ಅವಧಿ ಮುಗಿಯಿತು. ಮರುವರ್ಷ ನಿವೃತ್ತನಾದೆ.

ಮೊನ್ನೆ ಪುಸ್ತಕಗಳನ್ನು ಒರೆಸುತ್ತಿದ್ದ ನನ್ನಾಕೆಗೆ ಆ ಕಾಗದ ಸಿಕ್ಕಿತು. ರದ್ದಿಗೆ ಹಾಕಲೇ ಎಂದು ಕೇಳಿದಳು. ಅಲ್ಲೇ ಇರಲಿ ಎಂದಿದ್ದೇನೆ.