ಟ್ಯಾಂಕ್ ಬಂಡ್ ಎಂಬ ಜೋಡುನುಡಿ



ಬೆಂಗಳೂರಿನಿಂದ ಬನ್ನೇರುಘಟ್ಟಕ್ಕೆ ಹೋಗುವ ದಾರಿಯಲ್ಲಿ ಗೊಟ್ಟಿಗೆರೆ ಎಂಬ ಊರಿರುವುದು. ಊರಿನ ಹೆಸರಿನಲ್ಲಿಯೇ ಕೆರೆಯು ಅಡಗಿರುವುದು. ಸಮಾಸದಲ್ಲಿ ಉತ್ತರಪದದ ಮೊದಲ ಕಕಾರವು ಗಕಾರವಾಗುವುದನ್ನು ವೈಯಾಕರಣರು ಆದೇಶಸಂಧಿಯೆನ್ನುವರು. ಮಳೆಗಾಲವೆನ್ನುವಾಗ ನಾವೆಲ್ಲರೂ ಅರಿಯದೆಯೇ ಇದನ್ನು ಮಾಡುತ್ತೇವೆ. ಇಂತಹ ಕೆರೆಯ ಏರಿಗೆ ಈ ದೇಶದ ಇಂಗ್ಲಿಷಿನಲ್ಲಿ 'ಟ್ಯಾಂಕ್ ಬಂಡ್' ಎಂದು ಹೆಸರು. ಆ ಜೋಡುನುಡಿಯ ವಂಶಾವಳಿಯನ್ನು ಇಂದು ಸ್ವಲ್ಪ ವಿಚಾರಿಸೋಣ.

'ಬಂಡ್' ಎಂಬುದು ಪಾರಸಿಯ 'ಬಂದ್' ಎಂಬ ಶಬ್ದ. ಹಿಂದೂಸ್ಥಾನಿಯ ಮೂಲಕ ಆಂಗ್ಲೇಯರ ಬಾಯಿಗೆ ಬಂದಿತು. ಕಟ್ಟು, ಒಡ್ಡು ಎಂದರ್ಥ. ನಮ್ಮ ಸೇತುಬಂಧದ 'ಬಂಧ'ವೂ ಇಂಗ್ಲಿಷಿನ 'ಬೈಂಡ್' ಎಂಬ ಕ್ರಿಯಾಪದವೂ ಇದರ ದಾಯಾದಿಗಳೇ. ವರ್ತಕರು ಈ ಮಾತನ್ನು ಚೀನಾದೇಶಕ್ಕೂ ಕೊಂಡೊಯ್ದುದರಿಂದ ಶಾಂಘೈ ನಗರದ ನದೀತೀರದ ಬೀದಿಗೂ 'ಬಂಡ್' ಎಂಬ ಹೆಸರಾಯಿತು.

'ಟ್ಯಾಂಕ್' ಎಂಬುದರ ಕುಲ ಇಷ್ಟು ಸುಲಭವಲ್ಲ. ಗುಜರಾತಿ ಮರಾಠಿಗಳಲ್ಲಿ ನೀರು ಕೂಡಿಡುವ ಕುಂಡಕ್ಕೆ ಇದನ್ನೇ ಹೋಲುವ ಶಬ್ದವಿದೆ. ಪೋರ್ಚುಗೀಸರಲ್ಲಿಯೂ ಕೊಳಕ್ಕೆ ಅಂತಹುದೇ ಮಾತುಂಟು. 1886ರಲ್ಲಿ ಪ್ರಕಟವಾದ 'ಹಾಬ್ಸನ್-ಜಾಬ್ಸನ್' ಎಂಬ ವಿನೋದದ ಹೆಸರಿನ ನಿಘಂಟನ್ನು ರಚಿಸಿದ ಯೂಲ್ ಮತ್ತು ಬರ್ನೆಲ್ ಪಂಡಿತರು ಈ ಎರಡು ಎಳೆಗಳನ್ನೂ ಚರ್ಚಿಸಿರುವರು. ಮೊದಲನೆಯ ಮಹಾಯುದ್ಧದಲ್ಲಿ ಆಂಗ್ಲೇಯರು ಹೊಸ ರಣಯಂತ್ರವೊಂದನ್ನು ನಿರ್ಮಿಸಿ, ಗುಟ್ಟು ಬಯಲಾಗದಿರಲೆಂದು ಅದಕ್ಕೆ ನೀರಿನ ಪಾತ್ರೆಯ ಈ ಹೆಸರನ್ನೇ ಕೊಟ್ಟರು. 1916ರ ಸೆಪ್ಟೆಂಬರಿನಲ್ಲಿ ಸೋಮ್ ರಣಭೂಮಿಗೆ ಅದು ಇಳಿಯಿತು.

ಯುದ್ಧದ ಮಾತು ಹಾಗಿರಲಿ. ಇಂಗ್ಲೆಂಡಿನ ಟ್ಯಾಂಕು ನಾಲ್ಕು ಗೋಡೆಗಳ ತೊಟ್ಟಿ. ನಮ್ಮ ಕೆರೆಗಾದರೋ ಏರಿಯಿರುವುದು ಸಾಮಾನ್ಯವಾಗಿ ಒಂದೇ ಕಡೆ. ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಿದರೆ, ಉಳಿದ ದಡವನ್ನು ನೆಲದ ಇಳಿಜಾರೇ ಒದಗಿಸುವುದು. ತುಂಬಿದಾಗ ಹೆಚ್ಚಿನ ನೀರು ಕೋಡಿ ಬಿದ್ದು ಕೆಳಗಿನ ಊರಿನ ಕೆರೆಗೆ ಹೋಗುವುದು. ಬೇಕಾದಾಗ ತೂಬಿನಿಂದ ಅಚ್ಚುಕಟ್ಟಿನ ಗದ್ದೆಗೆ ಹರಿಯುವುದು. ಯಾರ ಗದ್ದೆಗೆ ಎಷ್ಟೆಂದು ನೋಡಿಕೊಳ್ಳಲು ನೀರಗಂಟಿಯೊಬ್ಬನಿರುತ್ತಿದ್ದನು. ಇವಾವುವೂ 'ಟ್ಯಾಂಕ್' ಎಂಬ ಮಾತಿನಲ್ಲಿ ಕಾಣವು. ನಮ್ಮ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿಯು 'ಟ್ಯಾಂಕ್ ಬಂಡ್' ಎಂಬುದನ್ನು 'ತೊಟ್ಟಿಯ ಗೋಡೆ' ಎಂದು ಭಾಷಾಂತರಿಸಿದನು. ಅವನು ದಿನವೂ ಕೆರೆಯೇರಿಯ ಮೇಲೆ ನಡೆದು ಬರುತ್ತಿದ್ದ ಹುಡುಗ! ತಪ್ಪು ಅವನದೆಂದು ಹೇಳಲು ನಮಗೆ ಮನಸ್ಸಾಗಲಿಲ್ಲ. ಕಾಲಿಗೆ ತಿಳಿದುದನ್ನು ಪುಸ್ತಕವು ಅವನಿಗೆ ಮರೆಸಿತ್ತು. (ತಮಿಳಿನಲ್ಲಿ 'ಏರಿ'ಯೆಂದರೆ ಕೆರೆಯೇ ಎಂಬುದನ್ನು ಅವನಿಗೆ ಹೇಳಿ ಇನ್ನಷ್ಟು ಗೊಂದಲಪಡಿಸಲಿಲ್ಲ.)

ತೊಟ್ಟಿ ಬೇಡವಾದರೆ ಬರಿದುಮಾಡಿ ಮುಚ್ಚಬಹುದು. ಕೆರೆಯನ್ನು ಮುಚ್ಚಿದರೆ ಮೇಲಿನ ಕೋಡಿಯ ನೀರು ಎಲ್ಲಿಗೆ ಹೋಗಬೇಕು? ಬೆಂಗಳೂರಿನ ಧರ್ಮಾಂಬುಧಿ ಕೆರೆಯಿದ್ದ ಸ್ಥಳದಲ್ಲಿ ಇಂದು ಕೆಂಪೇಗೌಡ ಬಸ್ಸು ನಿಲ್ದಾಣವಿದೆ. ಸಮೀಪದ ಒಂದು ಬೀದಿಗೆ ಮಾತ್ರ ಟ್ಯಾಂಕ್ ಬಂಡ್ ರಸ್ತೆಯೆಂಬ ಹೆಸರು ಈಗಲೂ ಉಳಿದಿದೆ.