ನಿದ್ದೆಯೋ, ಪ್ರಜ್ಞೆ ಇಳಿಯುತ್ತಿದೆಯೋ?

ರಾತ್ರಿ ಎರಡು ಗಂಟೆ ಅಂದ್ಕೊಳ್ಳಿ. ಬೈಕಿಂದ ಬಿದ್ದು ತಲೆಗೆ ಪೆಟ್ಟಾದ ಹುಡುಗನೊಬ್ಬ ಸಂಜೆ ಅಡ್ಮಿಟ್ ಆಗಿದ್ದಾನೆ. ಬಂದಾಗ ಚೆನ್ನಾಗಿ ಮಾತಾಡ್ತಿದ್ದ. ಈಗ ಗೊರಕೆ ಹೊಡೀತಿದ್ದಾನೆ. ಪಕ್ಕದಲ್ಲಿ ಕೂತಿರೋ ಅಣ್ಣ, "ಸಿಸ್ಟರ್, ಈಗ ತಾನೇ ನಿದ್ದೆ ಹತ್ತಿದೆ, ಎಬ್ಬಿಸಬೇಡಿ" ಅಂತಾನೆ. ಎಬ್ಬಿಸಲೇಬೇಕು. ತಲೆಬುರುಡೆಗೂ ಮೆದುಳಿನ ಹೊರಪೊರೆಗೂ ನಡುವೆ ರಕ್ತ ಕಟ್ಟಿಕೊಂಡವರಲ್ಲಿ ಕೆಲವರು ಹೀಗೇ ಒಂದಷ್ಟು ಗಂಟೆ ಸರಿಯಾಗಿದ್ದು, ಆಮೇಲೆ ಇದ್ದಕ್ಕಿದ್ದ ಹಾಗೆ ಕುಸೀತಾರೆ. ಆ ಗೊರಕೆ ಯಾವುದರದ್ದು ಅಂತ ದೂರದಲ್ಲಿ ನಿಂತು ಹೇಳೋಕೆ ಯಾರಿಂದಲೂ ಆಗಲ್ಲ.

ನರಮಂಡಲ, ಮೂಳೆ, ಸ್ನಾಯು. ಇವನ್ನ ವಾರ್ಡಿನಲ್ಲಿ ನರ್ಸ್ ಆದವರು ಹೇಗೆ ಪರೀಕ್ಷೆ ಮಾಡಬೇಕು ಅನ್ನೋದೇ ಇವತ್ತಿನ ವಿಷಯ. ನರ್ಸಿಂಗ್ ಓದ್ತಿರೋರು, ಹೊಸದಾಗಿ ಡ್ಯೂಟಿಗೆ ಸೇರಿದೋರು ಇದನ್ನ ಕೇಳ್ತಿದ್ದೀರಿ ಅಂದ್ಕೊಂಡು ಮಾತಾಡ್ತೀನಿ. ಡಾಕ್ಟರ್ ರೌಂಡ್ಸಿಗೆ ಬಂದು ಹೋಗ್ತಾರೆ. ಸ್ಕ್ಯಾನ್ ತೋರಿಸೋದು ಅದನ್ನ ತೆಗೆದ ಆ ಹೊತ್ತಿನ ಸ್ಥಿತಿ ಮಾತ್ರ. ಅದೇ ರೋಗಿಯನ್ನ ಹತ್ತು ಗಂಟೆಗೂ ನೋಡಿ, ಹನ್ನೊಂದಕ್ಕೂ ನೋಡಿ, ಎರಡಕ್ಕೂ ನೋಡೋರು ನೀವು ಮಾತ್ರ. ಹಾಗಾಗಿ ಈ ಪರೀಕ್ಷೆಯ ಜೀವಾಳ ಇರೋದು ಹೋಲಿಸೋದರಲ್ಲಿ. ಎಡಗೈಯನ್ನ ಬಲಗೈ ಜೊತೆ, ಈಗಿನದನ್ನ ಆಗಿನದರ ಜೊತೆ.

ಮೊದಲು ಪ್ರಜ್ಞೆ. 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಇಬ್ಬರು ನರಶಸ್ತ್ರಚಿಕಿತ್ಸಕರು, ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್, ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಅಳತೆಗೋಲು ಪ್ರಕಟಿಸಿದರು. ಅದೇ ನಾವೆಲ್ಲ ಜಿಸಿಎಸ್ ಅನ್ನೋ ಗ್ಲಾಸ್ಗೋ ಕೋಮಾ ಸ್ಕೇಲ್. ಮಂಪರು, ಅರೆಪ್ರಜ್ಞೆ, ಗಾಢ ನಿದ್ರೆ ಅಂತ ಒಬ್ಬೊಬ್ಬರು ಒಂದೊಂದು ಥರ ಬರೀತಿದ್ದರೆ, ಮುಂದಿನ ಶಿಫ್ಟಿನವರಿಗೆ ರೋಗಿ ಸುಧಾರಿಸಿದನೋ ಹದಗೆಟ್ಟನೋ ಗೊತ್ತಾಗೋದೇ ಇಲ್ಲ. ಅದಕ್ಕೇ ಅವರು ಕಣ್ಣಿಗೆ ಕಾಣೋ ಮೂರೇ ಮೂರು ವಿಷಯ ಆರಿಸಿಕೊಂಡರು. ಈಗಿನ ಲೆಕ್ಕದಲ್ಲಿ ಕಣ್ಣು ತೆರೆಯೋದಕ್ಕೆ 4 ಅಂಕ, ಮಾತಿಗೆ 5, ಕೈಕಾಲಿನ ಚಲನೆಗೆ 6. ಪೂರ್ತಿ ಎಚ್ಚರ ಇದ್ದರೆ 15. ಏನೂ ಪ್ರತಿಕ್ರಿಯೆ ಇಲ್ಲದಿದ್ದರೂ 3, ಸೊನ್ನೆ ಅನ್ನೋದು ಇಲ್ಲ. 8 ಅಥವಾ ಅದಕ್ಕಿಂತ ಕಡಿಮೆ ಆದರೆ ತೀವ್ರ ಗಾಯ ಅಂತ ಲೆಕ್ಕ.

ಪುಸ್ತಕದಲ್ಲಿ ಇಷ್ಟು ಎಲ್ಲರೂ ಓದಿರ್ತೀರಿ. ಎಡವೋದು ಹಾಸಿಗೆ ಪಕ್ಕದಲ್ಲಿ. ಮಾತಿನ ಅಂಕವನ್ನೇ ತಗೊಳ್ಳಿ. "ಇದು ಯಾವ ವರ್ಷ, ಯಾವ ತಿಂಗಳು?" ಅಂತ ಕೇಳ್ತೀವಿ. ಮಂಗಳೂರಿನ ವಾರ್ಡಿನಲ್ಲಿ ಮಲಗಿರೋ ಅಜ್ಜಿಗೆ ಬರೋದು ತುಳು ಅಥವಾ ಬ್ಯಾರಿ ಆಗಿರಬಹುದು, ಬಳ್ಳಾರಿ ಕಡೆ ತೆಲುಗು, ಕಲಬುರಗಿಯಲ್ಲಿ ಉರ್ದು ಇರಬಹುದು. ಗೊತ್ತಿಲ್ಲದ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಆಕೆ ಉತ್ತರ ಕೊಡಲಿಲ್ಲ ಅಂತ ಅಂಕ ಕಡಿಮೆ ಮಾಡಿದರೆ, ನಾವು ಅಳೆದಿದ್ದು ಆಕೆಯ ಮೆದುಳನ್ನಲ್ಲ. ಮನೆಯವರ ಸಹಾಯ ತಗೊಳ್ಳಿ. ಇಸವಿ ಲೆಕ್ಕ ಇಟ್ಟುಕೊಳ್ಳದವರಿಗೆ ಈಗ ಯಾವ ಹಬ್ಬ ಆಯ್ತು, ಮುಂದೆ ಯಾವುದು ಬರತ್ತೆ ಅಂತ ಕೇಳಿ. ಕಿವಿ ಕೇಳಿಸತ್ತಾ, ಹಲ್ಲಿನ ಸೆಟ್ ತೆಗೆದಿದ್ದಾರಾ ಅನ್ನೋದನ್ನೂ ನೋಡಿ. ಗಂಟಲಲ್ಲಿ ಟ್ಯೂಬ್ ಇದ್ದರೆ ಮಾತಿಗೆ 1 ಅಂತ ಹಾಕಬೇಡಿ, ಪರೀಕ್ಷಿಸಲು ಆಗಲಿಲ್ಲ ಅಂತ ಕಾರಣದ ಸಮೇತ ಬರೀರಿ. ಕಣ್ಣು ಊದಿ ಮುಚ್ಚಿಕೊಂಡಿದ್ದರೂ ಇದೇ ಕ್ರಮ.

ಚಲನೆಯಲ್ಲಿ ಎಲ್ಲರೂ ಮಾಡೋದು, "ನನ್ನ ಕೈ ಹಿಡ್ಕೊಳ್ಳಿ" ಅನ್ನೋದು. ರೋಗಿ ಹಿಡೀತಾರೆ, ನಾವು 6 ಅಂತ ಬರೀತೀವಿ. ಆದರೆ ಮೆದುಳಿಗೆ ಪೆಟ್ಟು ಬಿದ್ದವರಲ್ಲಿ ಅಂಗೈಗೆ ಏನಾದರೂ ತಾಗಿದರೆ ಬೆರಳು ತಾನಾಗಿ ಮಡಚಿಕೊಳ್ಳಬಹುದು. "ಈಗ ಬಿಡಿ" ಅನ್ನಿ. ಬಿಟ್ಟರೆ ಮಾತು ಕೇಳಿಸಿಕೊಂಡಿದ್ದಾರೆ. ಅಥವಾ ನಾಲಿಗೆ ಹೊರಗೆ ಚಾಚೋಕೆ ಹೇಳಿ.

ಹೇಳಿದ್ದು ಮಾಡದಿದ್ದರೆ ಒತ್ತಡ ಕೊಟ್ಟು ನೋಡಬೇಕಾಗತ್ತೆ. ಎದೆಮೂಳೆ ಮೇಲೆ ಗೆಣ್ಣಿನಿಂದ ಉಜ್ಜೋದನ್ನ ದಯವಿಟ್ಟು ಬಿಟ್ಟುಬಿಡಿ. ಚರ್ಮ ಕಂದಿ ಹೋಗತ್ತೆ, ಉತ್ತರವೂ ಸ್ಪಷ್ಟವಾಗಿ ಸಿಗಲ್ಲ. ಬೆರಳ ತುದಿ, ಕುತ್ತಿಗೆ-ಭುಜದ ನಡುವಿನ ಸ್ನಾಯು, ಹುಬ್ಬಿನ ಕೆಳಗಿನ ಏಣು, ಇವು ಈಗ ಒಪ್ಪಿತವಾದ ಜಾಗಗಳು. ಕಣ್ಣಿನ ಸುತ್ತ ಮೂಳೆ ಮುರಿದಿರೋ ಅನುಮಾನ ಇದ್ದರೆ ಹುಬ್ಬನ್ನ ಮುಟ್ಟಬೇಡಿ. ಭುಜದ ಹತ್ತಿರ ಒತ್ತಿದಾಗ ಕೈ ಕಾಲರ್ ಮೂಳೆ ದಾಟಿ ಮೇಲೆ ಬಂದರೆ 5. ಬೆರಳು ಒತ್ತಿದಾಗ ಕೈಯನ್ನ ಸರಕ್ಕನೆ ಹಿಂದಕ್ಕೆ ಎಳ್ಕೊಂಡರೆ 4. ನಿಧಾನವಾಗಿ, ಬಿಗಿಯಾಗಿ ಎದೆ ಮೇಲೆ ಮಡಚಿಕೊಂಡರೆ 3. ಮೊಣಕೈ ನೆಟ್ಟಗಾದರೆ 2. ಏನೂ ಇಲ್ಲದಿದ್ದರೆ 1. ಯಾವ ಕೈ ಚೆನ್ನಾಗಿ ಪ್ರತಿಕ್ರಿಯಿಸತ್ತೋ ಅದರ ಅಂಕವನ್ನ ಜಿಸಿಎಸ್‌ಗೆ ಹಾಕಿ, ಇನ್ನೊಂದು ಕೈಯ ದೌರ್ಬಲ್ಯವನ್ನ ಬೇರೆಯಾಗಿ ಬರೀರಿ. ಮೊತ್ತ ಒಂದನ್ನೇ ಬರೆದು ಬಿಡಬೇಡಿ. ಕಣ್ಣು 3, ಮಾತು 4, ಚಲನೆ 5 ಅಂತ ಬಿಡಿಸಿ ಬರೆದಾಗಲೇ ಯಾವುದು ಇಳೀತು ಅಂತ ಗೊತ್ತಾಗೋದು. ಬ್ರಿಟನ್ನಿನ ನೈಸ್ ಅನ್ನೋ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಪ್ರಕಾರ ತಲೆಗಾಯದ ರೋಗಿಯನ್ನ 15 ಮುಟ್ಟೋವರೆಗೂ ಅರ್ಧ ಗಂಟೆಗೊಮ್ಮೆ ನೋಡಬೇಕು. ಒಂದೇ ಒಂದು ಅಂಕ ಇಳಿದು ಅರ್ಧ ಗಂಟೆ ಹಾಗೇ ಇದ್ದರೂ ಡಾಕ್ಟರನ್ನ ಕರೀಬೇಕು. ಇಳಿದದ್ದು ಚಲನೆಯ ಅಂಕ ಆದರೆ ಇನ್ನೂ ಹೆಚ್ಚು ಜಾಗ್ರತೆ ಬೇಕು.

"ಕುಡಿದಿದ್ದಾನೆ, ಅದಕ್ಕೇ ಹೀಗೆ" ಅನ್ನೋ ಮಾತು ಎಷ್ಟೋ ಜೀವಗಳಿಗೆ ಮುಳುವಾಗಿದೆ. ಕುಡಿದವನ ತಲೆಗೂ ಪೆಟ್ಟು ಬಿದ್ದಿರಬಹುದು. ರಕ್ತದ ಸಕ್ಕರೆ ಕುಸಿದಿದ್ದರೂ ಮನುಷ್ಯ ಹಾಗೇ ತೊದಲ್ತಾನೆ. ಗ್ಲೂಕೋಮೀಟರಿನಲ್ಲಿ ಒಂದು ಹನಿ ರಕ್ತ ನೋಡೋಕೆ ಒಂದು ನಿಮಿಷ ಸಾಕು.

ಕಣ್ಣಿನ ಪಾಪೆಗೆ ಬರೋಣ. ಟಾರ್ಚ್ ಬಿಡೋ ಮೊದಲು ಎರಡೂ ಪಾಪೆ ಒಂದೇ ಗಾತ್ರ ಇದೆಯಾ ನೋಡಿ, ಆಮೇಲೆ ಬದಿಯಿಂದ ಬೆಳಕು ತನ್ನಿ. ಒಂದು ಪಾಪೆ ಹಿಗ್ಗಿ ಬೆಳಕಿಗೆ ಕುಗ್ಗದಿದ್ದರೆ, ಊದಿದ ಮೆದುಳು ಅದೇ ಬದಿಯ ಮೂರನೇ ಕಪಾಲ ನರವನ್ನ ಅದುಮುತ್ತಿರಬಹುದು. ಕಣ್ಣಿನ ಆಪರೇಷನ್ ಆಗಿತ್ತಾ, ಪಾಪೆ ಹಿಗ್ಗಿಸೋ ಡ್ರಾಪ್ಸ್ ಹಾಕಿದ್ದರಾ ಅಂತ ವಿಚಾರಿಸಿ, ಆದರೆ ಫೋನ್ ಮಾಡೋಕೆ ತಡ ಮಾಡಬೇಡಿ. ಬಿಪಿ ಏರ್ತಾ ನಾಡಿ ನಿಧಾನ ಆಗ್ತಾ ಉಸಿರು ತಾಳ ತಪ್ಪೋದು, ಕುಶಿಂಗ್ ಅನ್ನೋ ಶಸ್ತ್ರವೈದ್ಯರ ಹೆಸರಿನ ಆ ಲಕ್ಷಣ, ತೀರಾ ತಡವಾಗಿ ಬರೋದು. ಅದಕ್ಕೋಸ್ಕರ ಕಾಯ್ತಾ ಕೂರೋ ಹಾಗಿಲ್ಲ.

ಎಚ್ಚರ ಇರೋ ರೋಗಿಗೆ ಕಣ್ಣು ಮುಚ್ಚಿ, ಎರಡೂ ಅಂಗೈ ಮೇಲೆ ಮಾಡಿ ಕೈ ಮುಂದೆ ಚಾಚೋಕೆ ಹೇಳಿ. ಹತ್ತು ಸೆಕೆಂಡಿನಲ್ಲಿ ಒಂದು ಕೈ ಮೆಲ್ಲಗೆ ಒಳಕ್ಕೆ ತಿರುಗಿ ಕೆಳಗೆ ಜಾರಿದರೆ, ಗಟ್ಟಿಯಾಗಿ ಹಿಡಿಯೋ ಶಕ್ತಿ ಇದ್ದರೂ ಆ ಬದಿ ಸೋಲ್ತಿದೆ ಅಂತ ಅರ್ಥ. ಸ್ನಾಯುಬಲವನ್ನ 0ಯಿಂದ 5ರವರೆಗೆ ಗುರುತಿಸ್ತೀವಿ. ಅದರಲ್ಲಿ 3 ನೆನಪಿಟ್ಟುಕೊಳ್ಳಿ: ಕೈ ಅಥವಾ ಕಾಲನ್ನ ಹಾಸಿಗೆಯಿಂದ ಮೇಲೆತ್ತಬಲ್ಲರು, ಆದರೆ ನೀವು ಸ್ವಲ್ಪ ಅದುಮಿದರೆ ತಡೆಯಲಾರರು.

ಸ್ನಾಯುಬಲ ಸೋಲೋ ಮಾತು ಬಂದಾಗ ನಮ್ಮ ಹಳ್ಳಿಗಾಡಿನ ಒಂದು ಬಗೆಯ ಕೇಸಿನ ಬಗ್ಗೆ ಹೇಳಲೇಬೇಕು. ಹಾವು ಕಡಿತವನ್ನ ಕರ್ನಾಟಕ ಸರ್ಕಾರ 2024ರಲ್ಲಿ, ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕಟ್ಟು ಹಾವು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನ ಕಡಿಯತ್ತೆ. ಗಾಯ ಎಷ್ಟೋ ಸಲ ಕಾಣೋದೇ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಬರ್ತಾರೆ, ರೆಪ್ಪೆ ಜೋತು ಬೀಳತ್ತೆ. ಇವರಿಗೆ ದಿಂಬಿನಿಂದ ತಲೆ ಎತ್ತೋಕೆ ಹೇಳಿ. ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸ್ತಾರೆ ಅಂತ ನೋಡಿ ಬರೆದಿಡಿ. ಆಗ ಇಪ್ಪತ್ತೈದು ಎಣಿಸಿದವರು ಈಗ ಹನ್ನೆರಡಕ್ಕೆ ನಿಲ್ಲಿಸಿದರೆ ಉಸಿರಾಟದ ಸ್ನಾಯು ಸೋಲ್ತಿದೆ. ವಿಷ ಪೂರ್ತಿ ಏರಿದಾಗ ಪಾಪೆಯೂ ಹಿಗ್ಗಿ ನಿಂತು, ಬೆರಳೂ ಅಲ್ಲಾಡದೆ, ಜಿಸಿಎಸ್ 3 ಅಂತ ಕಾಣಬಹುದು. ಆದರೂ ಒಳಗೆ ಮನುಷ್ಯನಿಗೆ ಎಚ್ಚರ ಇರಬಹುದು, ನಾವು ಆಡೋದೆಲ್ಲ ಕೇಳಿಸ್ತಿರಬಹುದು. "ಇನ್ನೇನೂ ಉಳಿದಿಲ್ಲ" ಅನ್ನೋ ಮಾತು ಆ ಹಾಸಿಗೆ ಹತ್ತಿರ ಬರಲೇಬಾರದು. ಹೆಸರು ಹಿಡಿದು ಮಾತಾಡಿಸಿ, ಏನು ಮಾಡ್ತಿದ್ದೀರಿ ಅಂತ ಹೇಳ್ತಾ ಹೇಳ್ತಾ ಮಾಡಿ. ಉಸಿರಾಟಕ್ಕೆ ಆಸರೆ ಸಿಕ್ಕಿದರೆ ಇಂಥವರು ಎದ್ದು ಮನೆಗೆ ನಡೆದು ಹೋಗ್ತಾರೆ.

ಈಗ ಮೂಳೆ ವಾರ್ಡ್. ಕೀಲು ಎಷ್ಟು ಮಡಚತ್ತೆ, ನಡಿಗೆ ಹೇಗಿದೆ, ಬೆನ್ನು ಬಾಗಿದೆಯಾ ಅನ್ನೋದನ್ನ ನಿಧಾನವಾಗಿ ನೋಡೋಕೆ ಸಮಯ ಇರತ್ತೆ. ಸಮಯ ಇಲ್ಲದೇ ಇರೋದು ಪ್ಲಾಸ್ಟರ್ ಒಳಗಿನ ಕಾಲಿಗೆ. ಮೊಣಕಾಲ ಕೆಳಗಿನ ಸ್ನಾಯುಗಳು ಹಿಗ್ಗದ ಗಟ್ಟಿ ಪೊರೆಯ ಕೋಣೆಗಳಲ್ಲಿ ಇರ್ತವೆ. ಮೂಳೆ ಮುರಿದು ಒಳಗೆ ಊತ ಬಂದರೆ ಒತ್ತಡ ಏರಿ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ತವೆ. ಇದೇ ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಸುಮಾರು ಆರು ಗಂಟೆ ರಕ್ತ ಸಿಗದಿದ್ದರೆ ಸ್ನಾಯು ಮತ್ತೆ ಚೇತರಿಸಿಕೊಳ್ಳದ ಹಾಗೆ ಸಾಯತ್ತೆ.

ನಾಡಿ ಮುಟ್ಟಿ ನೋಡಿ, ಸಿಗ್ತಿದೆ ಅಂತ ಸಮಾಧಾನ ಪಟ್ಕೊಳ್ಳೋದು ಇಲ್ಲಿಯ ದೊಡ್ಡ ಅಪಾಯ. ದೊಡ್ಡ ಅಪಧಮನಿಯಲ್ಲಿ ನಾಡಿ ಕೊನೆಯವರೆಗೂ ಬಡಿದುಕೊಳ್ತಿರಬಹುದು. ಮೊದಲು ಮಾತಾಡೋದು ನೋವು. ಕೊಟ್ಟ ಇಂಜೆಕ್ಷನ್ನಿಗೆ ಬಗ್ಗದ, ಗಾಯಕ್ಕೆ ಮೀರಿದ ನೋವು. ಕಾಲ್ಬೆರಳನ್ನ ನೀವು ಮೆತ್ತಗೆ ಮೇಲೆ ಕೆಳಗೆ ಬಗ್ಗಿಸಿದರೇ ಕಿರುಚೋ ನೋವು. "ಈ ಪೇಷೆಂಟ್ ತುಂಬಾ ಕಿರಿಕಿರಿ" ಅಂತ ಯಾರಾದರೂ ಹ್ಯಾಂಡೋವರ್ ಕೊಟ್ಟರೆ ಮೊದಲು ಆ ಪೇಷೆಂಟ್ ಹತ್ತಿರವೇ ಹೋಗಿ. ಜೋಮು, ಮರಗಟ್ಟೋದು, ಬೆರಳು ಆಡಿಸೋಕೆ ಆಗದಿರೋದು ಆಮೇಲೆ ಬರತ್ತೆ. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವಿನ ಸಂದಿಯಲ್ಲಿ ಸ್ಪರ್ಶ ಗೊತ್ತಾಗತ್ತಾ, ಪಾದ ಮೇಲಕ್ಕೆ ಎತ್ತೋಕೆ ಆಗತ್ತಾ ಅಂತ ಎರಡೂ ಕಾಲಿನಲ್ಲಿ ನೋಡಿ. ಉಗುರು ಒತ್ತಿ ಬಿಟ್ಟಾಗ ಎರಡು ಮೂರು ಸೆಕೆಂಡಿನಲ್ಲಿ ಬಣ್ಣ ಮರಳಬೇಕು. ನಮ್ಮ ಕಂದು ಚರ್ಮದಲ್ಲಿ ಬಿಳಿಚಿದ್ದು ಸುಲಭಕ್ಕೆ ಕಾಣಲ್ಲ. ಉಗುರಿನ ಬುಡ, ಅಂಗಾಲು ನೋಡಿ, ನೈಲ್ ಪಾಲಿಶ್ ಇದ್ದರೆ ಅಳಿಸಿ. ಬಳೆ, ಉಂಗುರ, ಕಾಲುಂಗುರಗಳನ್ನ ಊತ ಏರೋ ಮೊದಲೇ ತೆಗೆಸಿ. ಕಾಲುಂಗುರ ತೆಗೆಯೋಕೆ ಎಷ್ಟೋ ಹೆಣ್ಣುಮಕ್ಕಳಿಗೆ ಸಂಕಟ ಆಗತ್ತೆ. ಯಾಕೆ ಅಂತ ಕೂತು ಹೇಳಿ, ಬಿಚ್ಚಿದ್ದನ್ನ ಮನೆಯವರ ಕೈಗೇ ಕೊಡಿ.

ಮಕ್ಕಳಲ್ಲಿ ಮೊಣಕೈ ಮೇಲೆ ಮೂಳೆ ಮುರಿದಾಗ ಇದೇ ಭಯ. ರಕ್ತ ಸಿಗದೆ ಮುಂಗೈ ಸ್ನಾಯು ಸೆಟೆದು ಕೈ ಕೊಕ್ಕೆಯಾಗೋದನ್ನ ಜರ್ಮನಿಯ ಶಸ್ತ್ರವೈದ್ಯ ಫೋಲ್ಕ್‌ಮನ್ 1881ರಲ್ಲೇ ವಿವರಿಸಿದ್ದರು. ನಾಟಿ ಕಟ್ಟು ಬಿಗಿಯಾಗಿ ಆ ಸ್ಥಿತಿಗೆ ತಲುಪಿದ ಮಕ್ಕಳು ನಮ್ಮಲ್ಲಿ ಈಗಲೂ ಬರ್ತಾರೆ. ಮಗುವಿನ ಹತ್ತಿರ ಕಲ್ಲು-ಕಾಗದ-ಕತ್ತರಿ ಆಡಿಸಿ: ಮುಷ್ಟಿ ಮೀಡಿಯನ್ ನರದ್ದು, ಚಾಚಿದ ಅಂಗೈ ರೇಡಿಯಲ್ ನರದ್ದು, ಕತ್ತರಿ ಅಲ್ನಾರ್ ನರದ್ದು. ಮಗು ಅಳೋದೂ ಇಲ್ಲ, ಮೂರು ನರದ ಪರೀಕ್ಷೆಯೂ ಮುಗಿಯತ್ತೆ.

ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅನ್ನೋ ಅನುಮಾನ ಬಂದರೆ ಫೋನಿನಲ್ಲಿ "ಪೇಷೆಂಟಿಗೆ ನೋವಂತೆ" ಅನ್ನಬೇಡಿ. ಹೀಗೆ ಹೇಳಿ: "ಡಾಕ್ಟರ್, ಬಲಗಾಲು ಪ್ಲಾಸ್ಟರ್. ಎಂಟು ಗಂಟೆಗೆ ನೋವು ಹತ್ತಕ್ಕೆ ನಾಲ್ಕಿತ್ತು, ಈಗ ಇಂಜೆಕ್ಷನ್ ಆದ ಮೇಲೂ ಒಂಬತ್ತು. ಬೆರಳು ಬಗ್ಗಿಸಿದರೆ ಕೂಗ್ತಾರೆ, ಸಂದಿಯಲ್ಲಿ ಸ್ಪರ್ಶ ಎಡಗಾಲಿಗಿಂತ ಕಡಿಮೆ. ನಾಡಿ ಇದೆ. ನೀವು ಈಗ ಬಂದು ನೋಡಬೇಕು." ಅವರು ಬರೋವರೆಗೆ ಕಾಲನ್ನ ದಿಂಬಿನ ಮೇಲೆ ಎತ್ತರಿಸಬೇಡಿ, ಹೃದಯದ ಮಟ್ಟಕ್ಕೆ ಇಡಿ, ಮೇಲೆತ್ತಿದರೆ ಸಿಗೋ ರಕ್ತವೂ ಕಡಿಮೆಯಾಗತ್ತೆ. ಪ್ಲಾಸ್ಟರ್ ಕತ್ತರಿಸೋ ಉಪಕರಣ ಹಾಸಿಗೆ ಹತ್ತಿರ ತಂದಿಡಿ. ಕತ್ತರಿಸುವಾಗ ಒಳಗಿನ ಹತ್ತಿಪಟ್ಟಿಯನ್ನೂ ಚರ್ಮ ಕಾಣೋವರೆಗೆ ಬಿಡಿಸಬೇಕಾಗತ್ತೆ. ತಿನ್ನೋಕೆ, ಕುಡಿಯೋಕೆ ಏನೂ ಕೊಡಬೇಡಿ, ಪೇಷೆಂಟ್ ನೇರ ಆಪರೇಷನ್ ಥಿಯೇಟರಿಗೆ ಹೋಗಬೇಕಾಗಿ ಬರಬಹುದು.